ಜೀವವಿಮೆಯ ಹಣ ಮತ್ತು ಮನೆಯ ಪಾಲು: ಒಂದು ಚಾರಿತ್ರಿಕ ಅವಲೋಕನ

ಪಾಲು ಎಂದೊಡನೆ ಕನ್ನಡ ಜನಪದರ ಮನಸ್ಸಿನಲ್ಲಿ ಮೂಡುವುದು ಹೊಲ, ಮನೆ, ದನಕರುಗಳ ಚಿತ್ರ. ಇವು ಕಣ್ಣೆದುರಿನ ಸೊತ್ತುಗಳು. ಹಿರಿಯರು ಕುಳಿತು, ಪಾಲುಪಟ್ಟಿ ಬರೆಸಿ ಹಂಚಬಹುದಾದವು. ಜೀವವಿಮೆಯ ಹಣದ ಸ್ವರೂಪ ಬೇರೆ. ದುಡಿಯುವವನು ತೀರಿಕೊಂಡ ಬಳಿಕವೇ ಅದು ಮನೆಗೆ ಬರುತ್ತದೆ, ಅದೂ ಕಾಗದದಲ್ಲಿ ಬರೆದ ಒಂದು ಹೆಸರಿಗೆ. ಆ ಹೆಸರಿನವರು ಹಣದ ಒಡೆಯರೋ, ಮನೆಯವರೆಲ್ಲರ ಪರವಾಗಿ ಪಡೆಯುವವರೋ ಎಂಬುದು ಒಂದು ಶತಮಾನಕ್ಕೂ ಮಿಗಿಲಾದ ಕಾಲ ಭಾರತೀಯ ಕುಟುಂಬವನ್ನು ಕಾಡಿದ ಪ್ರಶ್ನೆ.

ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ 1891ರಲ್ಲಿಯೇ ಜೀವವಿಮೆಯನ್ನು ಆರಂಭಿಸಿತ್ತು. ಅಂದಿನ ಅವಿಭಕ್ತ ಹಿಂದೂ ಕುಟುಂಬದಲ್ಲಿ ಮೃತನ ಹಕ್ಕು ಉಳಿದ ಗಂಡುಪಾಲುದಾರರಿಗೆ ಸಲ್ಲುತ್ತಿತ್ತು. ವಿಧವೆಗೆ ಉಳಿಯುತ್ತಿದ್ದುದು ಜೀವನಾಂಶ ಮಾತ್ರ. ಮನೆತನದ ಖರ್ಚಿನಲ್ಲಿ ಓದಿದವನ ಸಂಬಳವೂ ಮನೆತನಕ್ಕೇ ಸೇರಿದ್ದೆಂಬ ವಾದವಿತ್ತು. ವಿದ್ಯೆಯಿಂದ ಗಳಿಸಿದ್ದು ಗಳಿಸಿದವನ ಸ್ವಂತ ಸೊತ್ತೆಂದು ಬ್ರಿಟಿಷ್ ಇಂಡಿಯಾದಲ್ಲಿ ಸ್ಪಷ್ಟಪಡಿಸಿದ್ದು 1930ರ ಕಾಯಿದೆ.

ಹೆಂಡತಿ ಮಕ್ಕಳಿಗೆಂದೇ ಮಾಡಿಸಿದ ವಿಮೆಯನ್ನು ಅವರ ಹಿತಕ್ಕೆ ಮೀಸಲಾದ ನ್ಯಾಸವೆಂದು 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆ ಪರಿಗಣಿಸಿತ್ತು. ಹಿಂದೂ ಕುಟುಂಬಗಳಿಗೂ ಅದು ಅನ್ವಯಿಸುತ್ತದೆಂಬುದು 1923ರ ತಿದ್ದುಪಡಿಯಿಂದ ನಿಶ್ಚಿತವಾಯಿತು. ಮದ್ರಾಸ್ ಪ್ರಾಂತದಲ್ಲಿ 1913ರ ಡಿಸೆಂಬರ್ 31ರ ನಂತರದ ಪಾಲಿಸಿಗಳಿಗೂ, ಬ್ರಿಟಿಷ್ ಇಂಡಿಯಾದ ಉಳಿದೆಡೆ 1923ರ ಏಪ್ರಿಲ್ 1ರ ನಂತರದವುಗಳಿಗೂ ಈ ರಕ್ಷಣೆ ದೊರೆಯಿತು. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಮಟ್ಟಿಗೆ ಇದು ವಿಶೇಷವಾಗಿ ಗಮನಾರ್ಹ. ಅಲ್ಲಿಯ ಅಳಿಯಸಂತಾನ ಪದ್ಧತಿಯಲ್ಲಿ ಗಂಡಸಿನ ಸೊತ್ತು ಸಾಮಾನ್ಯವಾಗಿ ಅವನ ತಾಯಿ, ಸೋದರಿಯರ ಸಂತತಿಗೆ ಹೋಗುತ್ತಿತ್ತೇ ಹೊರತು ಹೆಂಡತಿ ಮಕ್ಕಳಿಗಲ್ಲ.

1938ರ ವಿಮಾ ಕಾಯಿದೆಯ 39ನೇ ಕಲಮು ನಾಮನಿರ್ದೇಶನಕ್ಕೆ ಅವಕಾಶ ನೀಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಮೃತನ ತಾಯಿ, ಹೆಂಡತಿ, ಗಂಡುಮಕ್ಕಳು ಹಾಗೂ ಹೆಣ್ಣುಮಕ್ಕಳನ್ನು ಮೊದಲ ವರ್ಗದ ವಾರಸುದಾರರಲ್ಲಿ ಸೇರಿಸಿತು. ಇವೆರಡೂ ಸಂಧಿಸಿದ್ದು ಸರ್ಬತಿ ದೇವಿ ಪ್ರಕರಣದಲ್ಲಿ. ಅಲ್ಲಿ ಹೆಸರಿದ್ದುದು ಹೆಂಡತಿಯದು. ಪಾಲು ಕೇಳಿದವರು ಮೃತನ ತಾಯಿ ಮತ್ತು ಮಗ. ನಾಮನಿರ್ದೇಶಿತರು ಹಣ ಪಡೆಯುವ ಕೈ ಮಾತ್ರ, ಹಣ ವಾರಸುದಾರರೆಲ್ಲರದು ಎಂದು ಸರ್ವೋಚ್ಚ ನ್ಯಾಯಾಲಯ 1983ರಲ್ಲಿ ತೀರ್ಮಾನಿಸಿತು.

2015ರ ತಿದ್ದುಪಡಿಯು ತಂದೆತಾಯಿ, ಪತಿಪತ್ನಿ, ಮಕ್ಕಳನ್ನು ಹೆಸರಿಸಿದ್ದರೆ ಹಣದ ಪ್ರಯೋಜನವೂ ಅವರಿಗೇ ಸಲ್ಲುವುದೆಂದು ಹೇಳಿದಾಗ ಹಳೆಯ ಪ್ರಶ್ನೆ ಮರುಜೀವ ಪಡೆಯಿತು. 2025ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಬಂದ ಪ್ರಕರಣ ಹಿಂದಿನದರ ಮಗ್ಗುಲು ಬದಲಿಸಿದಂತಿತ್ತು. ಮದುವೆಗೆ ಮೊದಲು ವಿಮಾದಾರನು ತಾಯಿಯ ಹೆಸರು ಬರೆಸಿದ್ದನು. ಮದುವೆಯಾಗಿ ಮಗು ಹುಟ್ಟಿದರೂ ಅದು ಬದಲಾಗಿರಲಿಲ್ಲ. ತಿದ್ದುಪಡಿಯು ಉತ್ತರಾಧಿಕಾರದ ನಿಯಮವನ್ನು ಮೀರಲಾರದೆಂದ ನ್ಯಾಯಾಲಯ ತಾಯಿ, ಹೆಂಡತಿ, ಮಗುವಿಗೆ ತಲಾ ಮೂರನೆಯ ಒಂದು ಭಾಗವನ್ನು ಎತ್ತಿಹಿಡಿಯಿತು.

ಒಂದು ಪ್ರಕರಣದಲ್ಲಿ ಅತ್ತೆ, ಇನ್ನೊಂದರಲ್ಲಿ ಸೊಸೆ ಹೊರಗುಳಿಯುವ ಅಪಾಯವಿತ್ತು. ಇಬ್ಬರನ್ನೂ ಕಾಪಾಡಿದ ತತ್ತ್ವ ಒಂದೇ. ಮನೆಯ ಯಜಮಾನನ ಕೈಯಲ್ಲಿ ಕಣಜದ ಕೀಲಿಕೈ ಇರುತ್ತದೆ. ಕಾಳು ಮಾತ್ರ ಮನೆಮಂದಿಯದು. ಜನಪದ ಬದುಕು ಬಹುಕಾಲದಿಂದ ಬಲ್ಲ ಈ ವಿವೇಕವೇ ನ್ಯಾಯಾಲಯದ ಭಾಷೆಯಲ್ಲಿ ಮರುದನಿಗೊಂಡಿದೆ. ಆದರೆ ಆ ಮನೆಮಂದಿಯಲ್ಲಿ ಹೆಣ್ಣಿಗೂ ಸಮಪಾಲು ಕೊಟ್ಟದ್ದು ಸಂಪ್ರದಾಯವಲ್ಲ, ಶಾಸನ ಎಂಬುದನ್ನು ಮರೆಯುವಂತಿಲ್ಲ.