ತಟ್ಟೆಯಲ್ಲಿ ಉಳಿದ ದನಿ

ಲಂಡನ್ನಿನ ಫಿಲ್‌ಹಾರ್ಮೋನಿಯಾ ಎಂಬ ವಾದ್ಯವೃಂದಕ್ಕೆ 2025ರಲ್ಲಿ ಎಂಬತ್ತು ವರ್ಷ ತುಂಬಿತು. ಅದಕ್ಕೂ ನಮ್ಮ ಶಿಕಾರಿಪುರ, ಸೊರಬಗಳಿಗೂ ಏನು ನಂಟು ಎಂದು ಯಾರಾದರೂ ಕೇಳಬಹುದು. ನಂಟು ಇದೆ. ಅದು ಗ್ರಾಮಫೋನ್ ತಟ್ಟೆಗಳ ಮೂಲಕ ಬೆಳೆದದ್ದು.

ಇ.ಎಂ.ಐ. ಕಂಪೆನಿಯಲ್ಲಿದ್ದ ವಾಲ್ಟರ್ ಲೆಗ್ 1945ರಲ್ಲಿ ಈ ವೃಂದವನ್ನು ಕಟ್ಟಿದ್ದು ಮುಖ್ಯವಾಗಿ ಧ್ವನಿಮುದ್ರಣಕ್ಕಾಗಿ. ಯುದ್ಧದಿಂದ ಬಸವಳಿದಿದ್ದ ಇಂಗ್ಲೆಂಡಿನಲ್ಲಿ ಸಂಗೀತಕ್ಕೆ ಹಣ ಹೊಂದಿಸುವುದು ಕಷ್ಟವಾಗಿತ್ತು. ಆಗ ನೆರವಾದವರಲ್ಲಿ ಮೈಸೂರಿನ ಜಯಚಾಮರಾಜೇಂದ್ರ ಒಡೆಯರೂ ಒಬ್ಬರು. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ಈ ಮಹಾರಾಜರಿಗೆ ಪಾಶ್ಚಾತ್ಯ ಸಂಗೀತವೂ ಅಷ್ಟೇ ಪ್ರಿಯ.

ರಷ್ಯಾದ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಬಡತನ, ಅನಾರೋಗ್ಯಗಳ ನಡುವೆ ದಿನ ದೂಡುತ್ತಿದ್ದರು. ಅವರ ಸಂಗೀತವನ್ನು ಮುದ್ರಿಸಲು ಮಹಾರಾಜರು ಹಣ ಕೊಟ್ಟರು. 1947ರಲ್ಲಿ ಮೆಟ್ನರ್ ತಾವೇ ಪಿಯಾನೊ ನುಡಿಸಿ, ಈ ವೃಂದದೊಡನೆ ತಮ್ಮ ಮೂರೂ ಕನ್ಚರ್ಟೊಗಳನ್ನು ತಟ್ಟೆಗೇರಿಸಿದರು. ಆಗಿನ ತಟ್ಟೆಯ ಒಂದು ಮುಖದಲ್ಲಿ ನಾಲ್ಕೈದು ನಿಮಿಷದ ಸಂಗೀತವಷ್ಟೇ ಹಿಡಿಯುತ್ತಿತ್ತು. ಒಂದು ಕನ್ಚರ್ಟೊಗೆ ಹಲವು ತಟ್ಟೆಗಳು ಬೇಕು. ಮೂರನೆಯ ಕನ್ಚರ್ಟೊವನ್ನು ಮೆಟ್ನರ್ ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ಅವರ ಬೆರಳುಗಳ ನುಡಿ ಮಾತ್ರ ಉಳಿಯಿತು.

1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರೌಸ್‌ರ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಬಂದವು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಚೇರಿಗೆ ಹಣದ ಭರವಸೆ ಕೊಟ್ಟವರೂ ನಮ್ಮ ಮಹಾರಾಜರೇ. ಮೈಸೂರಿನಲ್ಲಿ ಕುಳಿತು ಅವರು ಕೇಳಲೆಂದು ಅದನ್ನು ತಟ್ಟೆಗಳಲ್ಲಿ ಹಿಡಿದಿಟ್ಟರು. ಸವೆದ ಆ ದನಿಯನ್ನು ಇಂದಿಗೂ ಕೇಳಬಹುದು.

ಇದನ್ನೆಲ್ಲ ಓದುವಾಗ ಹೆಮ್ಮೆಯೆನಿಸುತ್ತದೆ, ನಿಜ. ಆದರೆ ಶಿಕಾರಿಪುರ ತಾಲ್ಲೂಕಿನಲ್ಲಿ ಮಕ್ಕಳಿಗೆ ಇತಿಹಾಸ ಹೇಳುವವಳಿಗೆ ಇನ್ನೊಂದು ಲೆಕ್ಕವೂ ನೆನಪಾಗದಿರದು. ಅರಮನೆಯ ಖರ್ಚಿಗೆ ಸಂಸ್ಥಾನದ ಆದಾಯದಿಂದ ಪಾಲು ಹೋಗುತ್ತಿತ್ತು. ಆ ಆದಾಯದಲ್ಲಿ ಶಿಕಾರಿಪುರ, ಸೊರಬಗಳ ರೈತರ ಕಂದಾಯವೂ ಸೇರಿತ್ತು. 1942ರಲ್ಲಿ ನಮ್ಮ ಈಸೂರಿನವರು ತಮ್ಮದೇ ಸರ್ಕಾರ ಸಾರಿ, ಹುಡುಗನೊಬ್ಬನನ್ನು ಅಮಲ್ದಾರನನ್ನಾಗಿ ಮಾಡಿಕೊಂಡರು. ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಸತ್ತರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಗಲ್ಲಿಗೇರಿದರು. ಆಗಲೂ ಗದ್ದುಗೆಯಲ್ಲಿದ್ದವರು ಇದೇ ಮಹಾರಾಜರು.

ಹೀಗೆಂದು ಸಂಗೀತವನ್ನು ತಳ್ಳಿಹಾಕಬೇಕಿಲ್ಲ. ಪರದೇಶದ ಬಡ ಕಲಾವಿದರೊಬ್ಬರ ಕಷ್ಟಕ್ಕೆ ಕರಗಿದ ಮನಸ್ಸು ಸಣ್ಣದಲ್ಲ. ಆದರೆ ಮೆಟ್ನರ್ ಪಿಯಾನೊ ತಟ್ಟೆಯಲ್ಲಿ ಉಳಿಯಿತು. ಈಸೂರಿನ ಐವರ ದನಿ ಯಾವ ತಟ್ಟೆಯಲ್ಲೂ ಇಲ್ಲ. ಅದು ಉಳಿಯಬೇಕಾದರೆ ಬಾಯಿಂದ ಬಾಯಿಗೆ ಬರಬೇಕು. ವಾದ್ಯವೃಂದದ ಎಂಬತ್ತನ್ನು ನೆನೆಯುವಾಗ ನಮ್ಮ ಮಕ್ಕಳಿಗೆ ಎರಡು ಕಥೆಗಳನ್ನೂ ಒಟ್ಟಿಗೇ ಹೇಳೋಣ.