ಮಗು ಔಷಧಿ ಕುಡಿಯಲ್ಲ ಅಂತ ಹಠ ಮಾಡ್ತಿದೆಯಾ? ಮೂಗು ಹಿಡಿಯೋ ಮುಂಚೆ ಇದನ್ನ ಓದಿ

ರಾತ್ರಿ ಎಂಟು ಗಂಟೆ. ಎರಡು ವರ್ಷದ ಮಗುವಿಗೆ ಜ್ವರ. ಅಪ್ಪ ಕೈ ಹಿಡ್ಕೊಂಡಿದ್ದಾರೆ, ಅಜ್ಜಿ ಕಾಲು ಹಿಡ್ಕೊಂಡಿದ್ದಾರೆ, ಅಮ್ಮ ಚಮಚ ಹಿಡಿದು ಬಾಯಿ ತೆರೆಸೋಕೆ ನೋಡ್ತಿದ್ದಾರೆ. ಮಗು ಕಿರುಚುತ್ತೆ, ಅರ್ಧ ಔಷಧಿ ಅಪ್ಪನ ಅಂಗಿ ಮೇಲೆ, ಕಾಲು ಭಾಗ ಹಾಸಿಗೆ ಮೇಲೆ. ಒಳಗೆ ಹೋದದ್ದು ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. "ಇನ್ನೊಂದು ಚಮಚ ಹಾಕು" ಅಂತ ಅಜ್ಜಿ, "ಬೇಡ, ಜಾಸ್ತಿ ಆಗುತ್ತೆ" ಅಂತ ಅಪ್ಪ.

ಒಂದರಿಂದ ಮೂರು ವರ್ಷದ ಮಕ್ಕಳಿರುವ ಮನೆಯಲ್ಲಿ ಇದು ಹೊಸದೇನಲ್ಲ. ಆದರೆ ಈ ಗಲಾಟೆಯಲ್ಲಿ ಎರಡು ನಿಜವಾದ ಅಪಾಯಗಳಿವೆ. ಒಂದು, ಔಷಧಿ ಹೊಟ್ಟೆಗೆ ಹೋಗುವ ಬದಲು ಶ್ವಾಸನಾಳಕ್ಕೆ ಹೋಗುವುದು. ಎರಡು, ಅಳತೆ ತಪ್ಪುವುದು. ಇವೆರಡನ್ನು ತಪ್ಪಿಸಿದರೆ ಮಗುವಿನ ಹಠ ದೊಡ್ಡ ಸಮಸ್ಯೆಯೇ ಅಲ್ಲ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಬಾಟಲಿ ಮೇಲಿನ ಅಂಕಿ ಓದಿ

ಜ್ವರಕ್ಕೆ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದು ಪ್ಯಾರಾಸಿಟಮಾಲ್. ಇದು ಅಂಗಡಿಯಲ್ಲಿ ಬೇರೆ ಬೇರೆ ಗಾಢತೆಯಲ್ಲಿ ಸಿಗುತ್ತದೆ. ಒಂದು ಸಿರಪ್‌ನಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ, ಇನ್ನೊಂದರಲ್ಲಿ 5 ಮಿ.ಲೀ.ಗೆ 250 ಮಿ.ಗ್ರಾಂ ಇರುತ್ತದೆ. ಡ್ರಾಪ್ಸ್ ಆದರೆ ಒಂದೇ ಮಿ.ಲೀ.ಗೆ 100 ಮಿ.ಗ್ರಾಂ. ಅಂದರೆ ಸಣ್ಣ ಬಾಟಲಿಯ ಡ್ರಾಪ್ಸೇ ಹೆಚ್ಚು ಗಟ್ಟಿ. "ಡ್ರಾಪ್ಸ್ ಅಂದ್ರೆ ಸಣ್ಣ ಮಕ್ಕಳದ್ದು, ಹಾಗಾಗಿ ಸೌಮ್ಯ" ಅಂತ ತುಂಬಾ ಜನ ತಿಳಿದಿದ್ದಾರೆ. ಅದು ತಪ್ಪು.

ಒಂದು ಲೆಕ್ಕ ನೋಡಿ. ಪ್ಯಾರಾಸಿಟಮಾಲ್ ಪ್ರಮಾಣ ನಿರ್ಧಾರವಾಗುವುದು ಮಗುವಿನ ತೂಕದ ಮೇಲೆ. ಒಂದು ಕೆ.ಜಿ. ತೂಕಕ್ಕೆ ಒಂದು ಸಲಕ್ಕೆ 15 ಮಿ.ಗ್ರಾಂ ಅಂತ ಹಿಡಿದರೆ, 10 ಕೆ.ಜಿ. ಮಗುವಿಗೆ 150 ಮಿ.ಗ್ರಾಂ. ಅದು 125ರ ಸಿರಪ್‌ನಲ್ಲಿ 6 ಮಿ.ಲೀ., 250ರ ಸಿರಪ್‌ನಲ್ಲಿ 3 ಮಿ.ಲೀ., ಡ್ರಾಪ್ಸ್‌ನಲ್ಲಿ ಬರೀ ಒಂದೂವರೆ ಮಿ.ಲೀ. ಹೋದ ಸಲ ಸಿರಪ್ ಕೊಟ್ಟ ಅಭ್ಯಾಸದಲ್ಲಿ ಈ ಸಲ 6 ಮಿ.ಲೀ. ಡ್ರಾಪ್ಸ್ ಕೊಟ್ಟರೆ ಒಂದೇ ಏಟಿಗೆ ನಾಲ್ಕು ಪಟ್ಟು ಹೋದಂತೆ. ಪ್ಯಾರಾಸಿಟಮಾಲ್ ಅತಿಯಾದರೆ ಪೆಟ್ಟು ಬೀಳುವುದು ಲಿವರ್‌ಗೆ, ಅದೂ ಮೊದಲ ದಿನ ಹೊರಗೆ ಏನೂ ಕಾಣದೆ ಇರಬಹುದು.

ಈ ಲೆಕ್ಕ ಅರ್ಥವಾಗಲಿ ಅಂತ ಕೊಟ್ಟದ್ದು. ನಿಮ್ಮ ಮಗುವಿಗೆ ಡಾಕ್ಟರ್ ಬರೆದ ಪ್ರಮಾಣವೇ ಅಂತಿಮ. ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ ಅಂತರ ಇರಲಿ, 24 ಗಂಟೆಯಲ್ಲಿ 4 ಸಲಕ್ಕಿಂತ ಹೆಚ್ಚು ಬೇಡ. ಕೊಟ್ಟ ಹೊತ್ತನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ಅಮ್ಮ ಕೊಟ್ಟದ್ದು ಗೊತ್ತಿಲ್ಲದೆ ಅಜ್ಜಿ ಮತ್ತೆ ಕೊಡೋದು ಇದರಿಂದ ತಪ್ಪುತ್ತೆ.

ಅಡುಗೆಮನೆ ಚಮಚದಲ್ಲಿ ಅಳೆಯಬೇಡಿ. ಒಂದೊಂದು ಮನೆಯ ಚಮಚ ಒಂದೊಂದು ಗಾತ್ರ. ಬಾಟಲಿ ಜೊತೆ ಬರುವ ಅಳತೆ ಮುಚ್ಚಳ ಪರವಾಗಿಲ್ಲ. ಅದಕ್ಕಿಂತ ಒಳ್ಳೆಯದು ಸೂಜಿ ಇಲ್ಲದ 5 ಮಿ.ಲೀ. ಸಿರಿಂಜ್. ಯಾವ ಮೆಡಿಕಲ್ ಶಾಪ್‌ನಲ್ಲಾದರೂ ಕೆಲವೇ ರೂಪಾಯಿಗೆ ಸಿಗುತ್ತೆ. ಸೂಜಿಯನ್ನು ಅಂಗಡಿಯಲ್ಲೇ ತೆಗೆಸಿ ಬಿಟ್ಟುಬನ್ನಿ. ತುದಿಗೆ ಸಣ್ಣ ಪ್ಲಾಸ್ಟಿಕ್ ಮುಚ್ಚಳವಿದ್ದರೆ ಮೊದಲು ಅದನ್ನೂ ಎಸೆಯಿರಿ, ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಮಲಗಿಸಿ, ಮೂಗು ಹಿಡಿದು ಕುಡಿಸಬೇಡಿ

ನಮ್ಮ ಕಡೆ ಒಳಲೆಯಲ್ಲಿ ಔಷಧಿ ಕುಡಿಸುವ ಅಭ್ಯಾಸ ಹಳೆಯದು. ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು, ಬಾಯಿ ತೆರೆದ ತಕ್ಷಣ ಸುರಿಯೋದು. ಒಳಲೆ ತಪ್ಪಲ್ಲ, ಮಲಗಿಸೋದು ಮತ್ತು ಮೂಗು ಹಿಡಿಯೋದು ತಪ್ಪು. ಮೂಗು ಕಟ್ಟಿದ ಮಗು ಬಾಯಿಂದ ಜೋರಾಗಿ ಉಸಿರು ಎಳೆಯುತ್ತೆ. ಆ ಉಸಿರಿನ ಜೊತೆ ಔಷಧಿಯೂ ಶ್ವಾಸನಾಳಕ್ಕೆ ಇಳಿಯುತ್ತೆ. ನೆತ್ತಿಗೆ ಹತ್ತೋದು ಅಂತ ನಾವು ಹೇಳೋದು ಇದನ್ನೇ. ಒಮ್ಮೊಮ್ಮೆ ಕೆಮ್ಮಿ ಸರಿಹೋಗುತ್ತೆ, ಒಮ್ಮೊಮ್ಮೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಬೇಕಾಗುತ್ತೆ.

ಸರಿಯಾದ ಕ್ರಮ ಹೀಗಿದೆ:

1. ಮಗುವನ್ನು ತೊಡೆ ಮೇಲೆ ನೇರವಾಗಿ ಕೂರಿಸಿ. ಬೆನ್ನು ನಿಮ್ಮ ಎದೆಗೆ ಒರಗಿರಲಿ. ತಲೆ ಹಿಂದಕ್ಕೆ ವಾಲಬಾರದು.

2. ಸಿರಿಂಜ್ ತುದಿಯನ್ನು ಕೆನ್ನೆ ಮತ್ತು ವಸಡಿನ ನಡುವೆ ಇಡಿ. ನೇರ ಗಂಟಲಿಗೆ ಗುರಿ ಇಡಬೇಡಿ. ನಾಲಿಗೆ ತುದಿಗೂ ಬೇಡ, ಮಗು ಸುಲಭವಾಗಿ ಉಗುಳಿಬಿಡುತ್ತೆ.

3. ಒಂದು ಸಲಕ್ಕೆ ಅರ್ಧದಿಂದ ಒಂದು ಮಿ.ಲೀ. ಮಾತ್ರ ಒತ್ತಿ. ನುಂಗಿತು ಅಂತ ಗೊತ್ತಾದ ಮೇಲೆ ಮುಂದಿನದ್ದು.

4. ಮಗು ಜೋರಾಗಿ ಅಳುತ್ತಿದ್ದರೆ ನಿಲ್ಲಿಸಿ. ಐದು ನಿಮಿಷ ಎತ್ತಿಕೊಂಡು ಓಡಾಡಿ, ಆಮೇಲೆ ಕೊಡಿ. ಜ್ವರದ ಔಷಧಿ ಐದು ನಿಮಿಷ ತಡವಾದರೆ ಏನೂ ಆಗಲ್ಲ.

5. ಕೈ ಬೀಸುವ ಮಗುವನ್ನು ಟವಲ್‌ನಲ್ಲಿ ಸಡಿಲವಾಗಿ ಸುತ್ತಿ ಕೂರಿಸಿಕೊಳ್ಳಬಹುದು. ನಾಲ್ಕು ಜನ ಸೇರಿ ಅಮುಕೋದು ಬೇಡ. ಇವತ್ತು ಹೆದರಿದ ಮಗು ನಾಳೆ ಬಾಟಲಿ ನೋಡಿದ್ರೇನೇ ಓಡುತ್ತೆ.

ಸುಳ್ಳು ಬೇಡ, ಹೆದರಿಸೋದೂ ಬೇಡ

"ಇದು ಚಾಕಲೇಟು ಕಣಪ್ಪಾ" ಅಂತ ಹೇಳಿ ಕುಡಿಸೋದು ಎರಡು ಕಾರಣಕ್ಕೆ ಕೆಟ್ಟದ್ದು. ಕಹಿ ತಗುಲಿದ ಮೇಲೆ ಮಗು ನಿಮ್ಮ ಮಾತು ನಂಬಲ್ಲ. ಸಿಹಿಯಾಗಿದ್ದರೆ ಇನ್ನೂ ಕಷ್ಟ, ನೀವಿಲ್ಲದಾಗ ಅದೇ ಬಾಟಲಿ ಹುಡುಕಿ ಪೂರ್ತಿ ಕುಡಿದುಬಿಡಬಹುದು. ಔಷಧಿಯನ್ನು ಔಷಧಿ ಅಂತಲೇ ಹೇಳಿ. "ಸ್ವಲ್ಪ ಕಹಿ ಇದೆ, ಎರಡು ಗುಟುಕು ಅಷ್ಟೇ, ಆಮೇಲೆ ಬಾಳೆಹಣ್ಣು" ಅಂದರೆ ಎರಡು ವರ್ಷದ ಮಗುವಿಗೂ ಅರ್ಥವಾಗುತ್ತೆ.

"ಕುಡೀದಿದ್ರೆ ಡಾಕ್ಟರ್ ಸೂಜಿ ಚುಚ್ತಾರೆ", "ಗುಮ್ಮ ಬರ್ತಾನೆ" ಅಂತ ಹೆದರಿಸಿದರೆ ಮುಂದೆ ಲಸಿಕೆಗೆ ಕರೆದೊಯ್ಯುವಾಗ ನೀವೇ ಪಡಿಪಾಟಲು ಪಡಬೇಕಾಗುತ್ತೆ.

ಕುಡೀಬೇಕೋ ಬೇಡ್ವೋ ಅಂತ ಮಗುವನ್ನ ಕೇಳಬೇಡಿ, ಉತ್ತರ "ಬೇಡ" ಅಂತಲೇ ಬರುತ್ತೆ. ಹೇಗೆ ಕುಡೀತೀಯ ಅಂತ ಕೇಳಿ. "ಲೋಟದಲ್ಲಾ, ಸಿರಿಂಜಲ್ಲಾ?" "ಅಮ್ಮನ ತೊಡೆ ಮೇಲಾ, ತಾತನ ತೊಡೆ ಮೇಲಾ?" ಮೊದಲು ಗೊಂಬೆಗೆ ಖಾಲಿ ಸಿರಿಂಜಲ್ಲಿ ಕುಡಿಸೋಕೆ ಬಿಡಿ. ಕೆಲವು ಮಕ್ಕಳು ಸಿರಿಂಜ್‌ನ ಹಿಂಬದಿ ತಾವೇ ಒತ್ತುತ್ತೇವೆ ಅಂತಾರೆ, ನಿಮ್ಮ ಕೈ ಜೊತೆಗಿಟ್ಟು ಒತ್ತೋಕೆ ಬಿಡಿ. ಇನ್ನೊಂದು ಮಾತು, ಮನೆಯವರೆಲ್ಲರದ್ದೂ ಒಂದೇ ಮಾತಿರಲಿ. ಅಮ್ಮ ಕುಡಿಸುವಾಗ "ಪಾಪ, ಬಿಡು" ಅಂತ ಒಬ್ಬರು ಅಂದರೆ ಸಾಕು, ಮಗು ಅವರ ಕಡೆ ಓಡುತ್ತೆ.

ಏನರಲ್ಲಿ ಬೆರೆಸಬಹುದು, ಏನರಲ್ಲಿ ಬೆರೆಸಬಾರದು

ತೀರಾ ಕಹಿಯಾದರೆ ಒಂದು ಚಮಚ ಬಾಳೆಹಣ್ಣಿನ ಪೇಸ್ಟ್ ಅಥವಾ ಬೆಲ್ಲದ ನೀರಿನಲ್ಲಿ ಬೆರೆಸಬಹುದು. ಎಲ್ಲ ಔಷಧಿಗೂ ಇದು ನಡೆಯಲ್ಲ, ಹಾಗಾಗಿ ಔಷಧಿ ಕೊಡುವ ಫಾರ್ಮಸಿಸ್ಟ್ ಹತ್ತಿರ ಒಂದು ಮಾತು ಕೇಳಿ. ಮುಖ್ಯ ವಿಷಯ, ಸ್ವಲ್ಪದರಲ್ಲೇ ಬೆರೆಸಿ. ಒಂದು ಲೋಟ ಹಾಲಿಗೋ ಬಟ್ಟಲು ರಾಗಿ ಸರಿಗೋ ಹಾಕಿದರೆ ಮಗು ಅರ್ಧ ಬಿಟ್ಟಾಗ ಔಷಧಿಯೂ ಅರ್ಧ ಉಳಿಯುತ್ತೆ. ಮೇಲಾಗಿ ಹಾಲೇ ಬೇಡ ಅನ್ನೋಕೆ ಶುರು ಮಾಡಬಹುದು.

ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಬೇಡವೇ ಬೇಡ, ನೆಕ್ಕಿಸೋದೂ ಬೇಡ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದಿಂದ ಬೊಟುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು.

ದೊಡ್ಡವರ ಮಾತ್ರೆಯನ್ನು ಅರ್ಧ, ಕಾಲು ಮಾಡಿ ಪುಡಿ ಮಾಡಿ ಕೊಡಬೇಡಿ. ಪುಡಿ ಮಾಡಬಾರದ ಮಾತ್ರೆಗಳೂ ಇವೆ.

ಕುಡಿದದ್ದು ವಾಂತಿ ಆದ್ರೆ?

ಪ್ಯಾರಾಸಿಟಮಾಲ್ ಕುಡಿದು ಅರ್ಧ ಗಂಟೆ ಒಳಗೆ ಮಗು ವಾಂತಿ ಮಾಡಿದರೆ ಅದೇ ಪ್ರಮಾಣ ಇನ್ನೊಮ್ಮೆ ಕೊಡಬಹುದು. ಅರ್ಧ ಗಂಟೆ ದಾಟಿದ್ದರೆ ಮತ್ತೆ ಕೊಡಬೇಡಿ, ಮುಂದಿನ ಹೊತ್ತಿಗೆ ಕಾಯಿರಿ. ಫಿಟ್ಸ್ ಔಷಧಿ, ಹೃದಯದ ಔಷಧಿ ಇಂಥವುಗಳ ವಿಚಾರದಲ್ಲಿ ನೀವೇ ತೀರ್ಮಾನ ಮಾಡದೆ ಡಾಕ್ಟರ್‌ಗೆ ಫೋನ್ ಮಾಡಿ. ಮಗು ಸ್ವಲ್ಪ ಉಗುಳಿತು, ಎಷ್ಟು ಹೋಯ್ತು ಗೊತ್ತಿಲ್ಲ ಅನ್ನುವಾಗ ಅಂದಾಜಿನಲ್ಲಿ ಇನ್ನೊಂದಿಷ್ಟು ಸೇರಿಸಬೇಡಿ.

ಪುಡಿ ಇರುವ ಆಂಟಿಬಯೋಟಿಕ್ ಬಾಟಲಿ

ಮಕ್ಕಳ ಆಂಟಿಬಯೋಟಿಕ್ ಹಲವು ಸಲ ಪುಡಿಯಾಗಿ ಬರುತ್ತದೆ. ಕುದಿಸಿ ಆರಿಸಿದ ನೀರು ಅಥವಾ ಜೊತೆಗೆ ಕೊಟ್ಟ ನೀರನ್ನು ಬಾಟಲಿಯ ಗುರುತಿನವರೆಗೆ ಹಾಕಿ ಚೆನ್ನಾಗಿ ಕುಲುಕಬೇಕು. ನೊರೆ ಇಳಿದ ಮೇಲೆ ಗುರುತಿಗಿಂತ ಕಡಿಮೆಯಾಗಿದ್ದರೆ ಇನ್ನಷ್ಟು ಹಾಕಿ. ಪ್ರತಿ ಸಲ ಕೊಡುವ ಮುಂಚೆಯೂ ಕುಲುಕಿ, ಇಲ್ಲವಾದರೆ ಮೊದಲ ದಿನ ತೆಳ್ಳಗೆ, ಕೊನೆ ದಿನ ಗಟ್ಟಿ. ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ನಂಥ ಸಿರಪ್ ಕಲಸಿದ ಮೇಲೆ ಫ್ರಿಜ್‌ನಲ್ಲೇ ಇಡಬೇಕು, 7 ದಿನದ ನಂತರ ಉಳಿದದ್ದನ್ನು ಎಸೆಯಬೇಕು. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ಡಾಕ್ಟರ್‌ಗೆ ಮೊದಲೇ ಹೇಳಿ, ಹೇಳಿಕೊಳ್ಳೋಕೆ ನಾಚಿಕೆ ಬೇಡ. ಜ್ವರ ಇಳೀತು ಅಂತ ಮೂರನೇ ದಿನಕ್ಕೆ ನಿಲ್ಲಿಸೋದು, ಉಳಿದದ್ದನ್ನ ಪಕ್ಕದ ಮನೆ ಮಗುವಿಗೆ ಕೊಡೋದು ಎರಡೂ ಬೇಡ.

ಆಶಾ, ಅಂಗನವಾಡಿಯಲ್ಲಿ ಸಿಗುವ ಔಷಧಿಗಳು

ಭೇದಿಗೆ ಓಆರ್‌ಎಸ್ ಜೊತೆ ಸತುವಿನ ಮಾತ್ರೆ, ಅಂದರೆ ಜಿಂಕ್ ಕೊಡುತ್ತಾರೆ. 6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ, ಒಟ್ಟು 14 ದಿನ. ಮಾತ್ರೆಯನ್ನು ಒಂದು ಚಮಚ ಶುದ್ಧ ನೀರು ಅಥವಾ ಎದೆಹಾಲಿನಲ್ಲಿ ಕರಗಿಸಿ ಕುಡಿಸಬೇಕು. ಮೂರೇ ದಿನಕ್ಕೆ ಭೇದಿ ನಿಂತರೂ 14 ದಿನ ಪೂರ್ತಿ ಮಾಡಿ. ಓಆರ್‌ಎಸ್ ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಕಲಸಬೇಕು. "ಮಗು ಅಷ್ಟು ಕುಡಿಯಲ್ಲ" ಅಂತ ಒಂದು ಲೋಟ ನೀರಿಗೆ ಅಂದಾಜಿನಲ್ಲಿ ಪುಡಿ ಹಾಕಿದರೆ ಉಪ್ಪು ಹೆಚ್ಚಾಗಿ ತೊಂದರೆ ಆಗುತ್ತೆ. ಒಂದೊಂದೇ ಚಮಚ ಕೊಡಿ, ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಶುರು ಮಾಡಿ. 24 ಗಂಟೆ ನಂತರ ಉಳಿದ ನೀರು ಚೆಲ್ಲಿ.

ಕಬ್ಬಿಣಾಂಶದ ಸಿರಪ್ 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ, ಒಂದೊಂದು ಮಿ.ಲೀ. ಕೊಟ್ಟ ಮೇಲೆ ಮಲ ಕಪ್ಪಗಾದರೆ ಗಾಬರಿ ಬೇಡ. ಹಲ್ಲಿಗೆ ಕಲೆ ಹಿಡಿಯದಂತೆ ನಾಲಿಗೆಯ ಸ್ವಲ್ಪ ಒಳಗೆ ಬಿಟ್ಟು, ಮೇಲೆ ನೀರು ಕುಡಿಸಿ. ಜಂತುಹುಳುವಿನ ಅಲ್ಬೆಂಡಜೋಲ್ ಮಾತ್ರೆ 1ರಿಂದ 2 ವರ್ಷದ ಮಗುವಿಗೆ ಅರ್ಧ, ಆಮೇಲೆ ಒಂದು. ಸಣ್ಣ ಮಕ್ಕಳಿಗೆ ಎರಡು ಚಮಚಗಳ ನಡುವೆ ಪುಡಿ ಮಾಡಿ ನೀರಲ್ಲಿ ಬೆರೆಸಿಯೇ ಕೊಡಬೇಕು. ಇಡೀ ಮಾತ್ರೆ ಬಾಯಿಗೆ ಹಾಕಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತೆ.

ಅಂಗಡಿಯವರಿಗೆ ಒಂದು ಮಾತು

ನಮ್ಮ ತಾಲ್ಲೂಕಿನಲ್ಲಿ ಎಷ್ಟೋ ಮನೆಗಳಿಗೆ ಮೊದಲ ಡಾಕ್ಟರ್ ಅಂದರೆ ಮೆಡಿಕಲ್ ಶಾಪ್ ಅಥವಾ ಕಿರಾಣಿ ಅಂಗಡಿಯ ಅಣ್ಣನೇ. ಹಾಗಾಗಿ ಜವಾಬ್ದಾರಿಯೂ ದೊಡ್ಡದು.

ಮೆಡಿಕಲ್ ಶಾಪ್‌ನವರು ಮಕ್ಕಳ ಔಷಧಿ ಕೊಡುವಾಗ ಒಂದು ಸಿರಿಂಜ್ ಜೊತೆಗಿಟ್ಟು, ಚೀಟಿಯಲ್ಲಿರುವ ಅಳತೆಗೆ ಪೆನ್ನಲ್ಲಿ ಗೆರೆ ಎಳೆದುಕೊಟ್ಟರೆ ಓದು ಬಾರದ ಅಜ್ಜಿಯೂ ಸರಿಯಾಗಿ ಕೊಡುತ್ತಾರೆ. ಬೇರೆ ಕಂಪನಿಯದ್ದು ಕೊಡುವಾಗ ಗಾಢತೆ ಬದಲಾಗಿದ್ದರೆ ಬಾಯಿಬಿಟ್ಟು ಹೇಳಿ.

ಕಿರಾಣಿ ಅಂಗಡಿಯವರು "ಮಗುಗೆ ಶೀತ, ಒಂದು ಮಾತ್ರೆ ಕೊಡಣ್ಣ" ಅಂದರೆ ದಯವಿಟ್ಟು ಕೊಡಬೇಡಿ. ಆಸ್ಪಿರಿನ್ ಮಕ್ಕಳಿಗೆ ರೇಸ್ ಸಿಂಡ್ರೋಮ್ ಎಂಬ ಮಾರಕ ತೊಂದರೆ ತರಬಹುದು. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2011ರಲ್ಲೇ ನಿಷೇಧಿಸಿದೆ. ಶೀತಕ್ಕೆ ಬಳಸುವ ಕ್ಲೋರ್‌ಫೆನಿರಮಿನ್-ಫಿನೈಲೆಫ್ರಿನ್ ಮಿಶ್ರಣವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು 2023ರಲ್ಲಿ ಸೂಚನೆ ಬಂದಿದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಕಿಡ್ನಿ ಕೆಟ್ಟು ಪ್ರಾಣ ಕಳೆದುಕೊಂಡರು. ಆಗ ಕೇಂದ್ರ ಆರೋಗ್ಯ ಇಲಾಖೆ ಹೇಳಿದ್ದು, 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ಶೀತದ ಸಿರಪ್ ಕೊಡಬಾರದು, 5 ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಅಂತ. ಅಂದರೆ ನೀವು ಹೋರಾಡಿ ಕುಡಿಸುತ್ತಿರುವ ಕೆಮ್ಮಿನ ಸಿರಪ್ ಎಷ್ಟೋ ಸಲ ಮಗುವಿಗೆ ಬೇಕಾಗಿಯೇ ಇರಲ್ಲ. ಡಾಕ್ಟರ್ ಬರೆದಾಗಲೂ "ಇದರಲ್ಲಿ ಯಾವುದು ತಪ್ಪದೇ ಕೊಡಲೇಬೇಕು?" ಅಂತ ಕೇಳೋದು ನಿಮ್ಮ ಹಕ್ಕು.

ಕಾಯದೆ ಆಸ್ಪತ್ರೆಗೆ ಹೊರಡಬೇಕಾದ್ದು ಯಾವಾಗ?

• 3 ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ
• ಏನೇ ಕೊಟ್ಟರೂ ವಾಂತಿ, ಎದೆಹಾಲೂ ನೀರೂ ಕುಡಿಯುತ್ತಿಲ್ಲ ಅಂದರೆ
• ಔಷಧಿ ನೆತ್ತಿಗೆ ಹತ್ತಿದ ಮೇಲೆ ಕೆಮ್ಮು ನಿಲ್ಲದಿದ್ದರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಎಳೆದುಕೊಂಡರೆ, ತುಟಿ ನೀಲಿಗಟ್ಟಿದರೆ
• ಮಗು ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ, ಫಿಟ್ಸ್ ಬಂದರೆ
• ಆರೇಳು ಗಂಟೆಯಿಂದ ಮೂತ್ರ ಮಾಡದಿದ್ದರೆ
• ಔಷಧಿ ಹೆಚ್ಚಾಗಿ ಹೋಗಿದೆ ಅಂತ ಅನುಮಾನ ಬಂದರೆ, ಮಗು ಚೆನ್ನಾಗಿಯೇ ಆಡುತ್ತಿದ್ದರೂ ಕೂಡ

ಕೊನೆಯ ಸಂದರ್ಭದಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗಬೇಡಿ. ಬಾಟಲಿ ಸಮೇತ ತಾಲ್ಲೂಕು ಆಸ್ಪತ್ರೆಗೆ ಹೋಗಿ, ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಔಷಧಿ ಬಾಟಲಿಗಳು ಮಗುವಿನ ಕೈಗೆ ಎಟುಕದಂತೆ ಮೇಲಿನ ಅಟ್ಟದಲ್ಲೋ ಬೀಗ ಹಾಕಿದ ಬೀರುವಿನಲ್ಲೋ ಇರಲಿ. ತಾತನ ಬಿಪಿ, ಶುಗರ್ ಮಾತ್ರೆಯ ಡಬ್ಬವೂ ಅಲ್ಲೇ ಇರಲಿ. ಔಷಧಿ ಬೇಡ ಅಂತ ಓಡುವ ಮಗುವೇ ಯಾರೂ ನೋಡದಾಗ ಮುಚ್ಚಳ ತೆಗೆದು ರುಚಿ ನೋಡುತ್ತೆ.