ಸ್ತನ ಕ್ಯಾನ್ಸರ್: ಅದೇ ಕಾಯಿಲೆ ದಾಟಿ ಬಂದವರ ಮಾತನ್ನು ಎಷ್ಟು ನಂಬಬಹುದು?

ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದ ಮೊಬೈಲ್ ಸುಮ್ಮನಿರುವುದಿಲ್ಲ. ‘ಧೈರ್ಯವಾಗಿದ್ದರೆ ಕ್ಯಾನ್ಸರ್ ಓಡಿಹೋಗುತ್ತದೆ’, ‘ಆಪರೇಷನ್ ಆದ ಕಡೆಯ ಕೈಯಲ್ಲಿ ಜೀವನಪೂರ್ತಿ ಭಾರ ಎತ್ತಬಾರದು’, ‘ನಮ್ಮ ಅತ್ತಿಗೆಗೂ ಇದೇ ಆಗಿತ್ತು, ಕೀಮೋ ಇಲ್ಲದೆ ವಾಸಿಯಾಯಿತು’ ಎಂಬಂಥ ಸಂದೇಶಗಳು ಒಂದರ ಹಿಂದೆ ಒಂದು ಬರುತ್ತವೆ. ಇವುಗಳ ನಡುವೆ, ಅದೇ ಕಾಯಿಲೆ ದಾಟಿ ಬಂದ ಒಬ್ಬ ಹೆಣ್ಣುಮಗಳ ಫೋನ್ ಕೂಡ ಬರಬಹುದು. ಆ ಕರೆಗೆ ತುಂಬಾ ಬೆಲೆಯಿದೆ, ಒಂದು ಮಿತಿಯೂ ಇದೆ. ಎರಡನ್ನೂ ನೋಡೋಣ.

ಇದು ಶುರುವಾದದ್ದು ಹೇಗೆ?

1952ರಲ್ಲಿ ಅಮೆರಿಕದ ನ್ಯೂಯಾರ್ಕ್‌ನಲ್ಲಿ ಟೆರೀಸ್ ಲಾಸರ್ ಎಂಬ ಮಹಿಳೆಗೆ ಸ್ತನ ತೆಗೆಯುವ ಶಸ್ತ್ರಚಿಕಿತ್ಸೆ ಆಯಿತು. ಆ ಕಾಲದಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ತೆಗೆಯುತ್ತಿದ್ದರು. ಕೈ ಹೇಗೆ ಆಡಿಸಬೇಕು, ಯಾವ ಬಟ್ಟೆ ಹಾಕಬೇಕು, ಗಂಡನಿಗೆ ಏನು ಹೇಳಬೇಕು ಎಂದು ತಿಳಿಸುವವರು ಯಾರೂ ಇರಲಿಲ್ಲ. ಚೇತರಿಸಿಕೊಂಡ ಮೇಲೆ ಅವರು ತಾವೇ ಆಸ್ಪತ್ರೆಗಳಿಗೆ ಹೋಗಿ, ಆಪರೇಷನ್ ಆದ ಮಹಿಳೆಯರ ಹಾಸಿಗೆಯ ಪಕ್ಕ ಕೂತು ಮಾತಾಡತೊಡಗಿದರು. ‘ರೀಚ್ ಟು ರಿಕವರಿ’ ಎಂಬ ಆ ಕೆಲಸವನ್ನು 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಕೈಗೆತ್ತಿಕೊಂಡಿತು. ಮುಂದೆ ಅದು ಬೇರೆ ದೇಶಗಳಿಗೂ ಹಬ್ಬಿತು.

ನಂಬಿಕೆ 1: ಧೈರ್ಯ ಮತ್ತು ಬೆಂಬಲ ಇದ್ದರೆ ಆಯುಷ್ಯ ಹೆಚ್ಚುತ್ತದೆ

ಈ ಮಾತಿನ ಹಿಂದೆ ಒಂದು ನಿಜವಾದ ಅಧ್ಯಯನವಿದೆ. ಸ್ಟ್ಯಾನ್‌ಫರ್ಡ್‌ನ ಮನೋವೈದ್ಯ ಡೇವಿಡ್ ಸ್ಪೀಗೆಲ್ ಮತ್ತು ಸಂಗಡಿಗರು, ಕ್ಯಾನ್ಸರ್ ದೇಹದ ಬೇರೆ ಭಾಗಗಳಿಗೆ ಹರಡಿದ್ದ 86 ಮಹಿಳೆಯರ ಮೇಲೆ ನಡೆಸಿದ ಅಧ್ಯಯನವನ್ನು 1989ರಲ್ಲಿ ಪ್ರಕಟಿಸಿದರು. ವಾರಕ್ಕೊಮ್ಮೆ ಗುಂಪಾಗಿ ಕೂತು ಮಾತಾಡಿದವರು ಸರಾಸರಿ 36.6 ತಿಂಗಳು ಬದುಕಿದರು, ಉಳಿದವರು 18.9 ತಿಂಗಳು. ಸುದ್ದಿ ಎಲ್ಲೆಡೆ ಹರಡಿತು.

ವಿಜ್ಞಾನದಲ್ಲಿ ಒಂದು ಅಧ್ಯಯನಕ್ಕೇ ಮಾತು ಮುಗಿಯುವುದಿಲ್ಲ. ಕೆನಡಾದಲ್ಲಿ 235 ಮಹಿಳೆಯರ ಮೇಲೆ ಇದೇ ರೀತಿಯ ಪರೀಕ್ಷೆ ನಡೆದು 2001ರಲ್ಲಿ ಫಲಿತಾಂಶ ಬಂತು: ಗುಂಪಿಗೆ ಸೇರಿದವರು 17.9 ತಿಂಗಳು, ಸೇರದವರು 17.6 ತಿಂಗಳು. ಅಂದರೆ ವ್ಯತ್ಯಾಸವೇ ಇಲ್ಲ. ಸ್ಪೀಗೆಲ್ ಅವರೇ ಮತ್ತೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಒಟ್ಟಾರೆಯಾಗಿ ಆಯುಷ್ಯ ಹೆಚ್ಚಿದ್ದು ಕಾಣಲಿಲ್ಲ.

ಹಾಗಾದರೆ ಗುಂಪು ವ್ಯರ್ಥವೇ? ಖಂಡಿತ ಅಲ್ಲ. ಕೆನಡಾದ ಅಧ್ಯಯನದಲ್ಲೇ ಗುಂಪಿಗೆ ಸೇರಿದವರ ಮನಸ್ಸಿನ ಸಂಕಟ ಮತ್ತು ನೋವು ಕಡಿಮೆಯಾಗಿದ್ದವು. ಮೊದಲಿನಿಂದಲೇ ಹೆಚ್ಚು ಕಂಗೆಟ್ಟಿದ್ದವರಿಗೆ ಹೆಚ್ಚು ಲಾಭವಾಗಿತ್ತು. ಇರುವ ದಿನಗಳು ಹಗುರಾಗುವುದೂ ಸಣ್ಣ ಸಂಗತಿಯಲ್ಲ.

ಇನ್ನೊಂದು ಮಾತನ್ನು ನಾವು ಒತ್ತಿ ಹೇಳಬೇಕು. ‘ಧೈರ್ಯವಿದ್ದವರು ಬದುಕುತ್ತಾರೆ’ ಎಂದರೆ, ಬದುಕದವರಿಗೆ ಧೈರ್ಯ ಸಾಲಲಿಲ್ಲ ಎಂದಂತಾಗುತ್ತದೆ. ಅದು ಸುಳ್ಳು, ಕ್ರೂರವೂ ಹೌದು. ಅತ್ತರೆ ಕ್ಯಾನ್ಸರ್ ಹೆಚ್ಚುವುದಿಲ್ಲ. ಅಳಲಿಕ್ಕೆ ಬಿಡಿ.

ನಂಬಿಕೆ 2: ಆಪರೇಷನ್ ಆದ ಕಡೆಯ ಕೈಗೆ ಜೀವನಪೂರ್ತಿ ವಿಶ್ರಾಂತಿ ಬೇಕು

ಕಂಕುಳಿನ ದುಗ್ಧ ಗ್ರಂಥಿಗಳನ್ನು ತೆಗೆದಾಗ ಅಥವಾ ಅಲ್ಲಿಗೆ ರೇಡಿಯೇಷನ್ ಕೊಟ್ಟಾಗ, ಕೆಲವರಿಗೆ ಆ ಕೈಯಲ್ಲಿ ದ್ರವ ತುಂಬಿ ಬಾವು ಬರುತ್ತದೆ. ಇದಕ್ಕೆ ಲಿಂಫೆಡೀಮಾ ಎನ್ನುತ್ತಾರೆ. ಇದರ ಭಯದಿಂದ ಹಿಂದೆ ವೈದ್ಯರೇ ಭಾರ ಎತ್ತಬೇಡಿ, ಜೋರಾಗಿ ಕೈ ಬಳಸಬೇಡಿ ಎನ್ನುತ್ತಿದ್ದರು.

1996ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಕ್ರೀಡಾ ವೈದ್ಯ ಡಾನ್ ಮೆಕೆಂಜಿ ಇದನ್ನು ಪರೀಕ್ಷಿಸಲು ಹೊರಟರು. ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದ 24 ಮಹಿಳೆಯರಿಗೆ ತರಬೇತಿ ಕೊಟ್ಟು, ಡ್ರ್ಯಾಗನ್ ದೋಣಿಯಲ್ಲಿ ಕೂರಿಸಿ ಹುಟ್ಟು ಹಾಕಿಸಿದರು. ತೋಳಿಗೆ ಅದಕ್ಕಿಂತ ಶ್ರಮದ ಕೆಲಸ ಕಡಿಮೆ. ಯಾರಿಗೂ ಹೊಸದಾಗಿ ಬಾವು ಬರಲಿಲ್ಲ. ಪರೀಕ್ಷೆ ಮುಗಿದರೂ ಆ ಮಹಿಳೆಯರು ದೋಣಿ ಬಿಡಲಿಲ್ಲ. ಇಂದು ಹಲವು ದೇಶಗಳಲ್ಲಿ ಇಂಥ ತಂಡಗಳಿವೆ.

ಮುಂದೆ 2009ರಲ್ಲಿ, ಈಗಾಗಲೇ ಕೈ ಬಾವು ಇದ್ದ 141 ಮಹಿಳೆಯರ ಅಧ್ಯಯನ ಪ್ರಕಟವಾಯಿತು. ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ಭಾರ ಎತ್ತುವುದನ್ನು ಕಲಿತವರಲ್ಲಿ ಬಾವು ಹೆಚ್ಚಲಿಲ್ಲ.

ಇದರರ್ಥ ಡ್ರೆಸ್ಸಿಂಗ್ ಬಿಚ್ಚಿದ ದಿನವೇ ನೀರಿನ ಕೊಡ ಎತ್ತಿ ಎಂದಲ್ಲ. ಮೊದಲ ಕೆಲವು ವಾರ ಸರ್ಜನ್ ಹೇಳಿದಷ್ಟೇ. ಆಮೇಲೆ ಫಿಸಿಯೋಥೆರಪಿಸ್ಟ್ ತೋರಿಸಿದಂತೆ, ಗೋಡೆಯ ಮೇಲೆ ಬೆರಳು ಹತ್ತಿಸುವುದರಿಂದ ಶುರು ಮಾಡಿ ಹಂತ ಹಂತವಾಗಿ ಹೆಚ್ಚಿಸಬೇಕು. ಕೈ ಆಡಿಸದೆ ಬಿಟ್ಟರೆ ಭುಜ ಬಿಗಿದುಕೊಂಡು, ತಲೆ ಬಾಚುವುದೂ ಬಟ್ಟೆ ಒಣಹಾಕುವುದೂ ಕಷ್ಟವಾಗುತ್ತದೆ. ಕೈ ಭಾರವೆನಿಸಿದರೆ, ಬಳೆ ಬಿಗಿಯಾದರೆ ತಡಮಾಡದೆ ತೋರಿಸಿ.

ದಾಟಿ ಬಂದವರನ್ನು ಏನೇನು ಕೇಳಬಹುದು?

ವೈದ್ಯರ ಬಳಿ ಕೇಳಲು ಸಂಕೋಚ, ಮನೆಯವರಿಗೆ ಗೊತ್ತಿಲ್ಲ ಎನ್ನುವ ಪ್ರಶ್ನೆಗಳಿಗೆ ಅವರೇ ಸರಿ.

• ಗಾಯದ ಹತ್ತಿರ ಪೈಪು ಮತ್ತು ಸಣ್ಣ ಡಬ್ಬಿ ಇರುವಾಗ ಮಲಗುವುದು ಹೇಗೆ?
• ಮುಂದೆ ಗುಂಡಿಯಿರುವ, ಸಡಿಲವಾದ ಬಟ್ಟೆ ಎಷ್ಟು ದಿನ ಬೇಕು?
• ಕಂಕುಳು ಜೋಮು ಹಿಡಿದಂತಿದೆಯಲ್ಲ, ನಿಮಗೂ ಹಾಗಿತ್ತೇ? (ಅಲ್ಲಿನ ನರಕ್ಕೆ ಪೆಟ್ಟಾಗುವುದರಿಂದ ಹಲವರಿಗೆ ಹೀಗಾಗುತ್ತದೆ.)
• ಕೂದಲು ಉದುರಿದಾಗ ಮಕ್ಕಳಿಗೆ ಏನು ಹೇಳಿದಿರಿ?
• ಬ್ರಾ ಒಳಗೆ ಇಡುವ ಪ್ಯಾಡ್ ಎಲ್ಲಿ ಸಿಕ್ಕಿತು?

ಏನು ಕೇಳಬಾರದು?

‘ನಿಮಗೆ ಯಾವ ಮಾತ್ರೆ ಕೊಟ್ಟರು, ನಾನೂ ತಗೊಳ್ಳಲಾ?’ ಎಂದು ಕೇಳಬೇಡಿ. ಸ್ತನ ಕ್ಯಾನ್ಸರ್ ಎಂಬ ಹೆಸರು ಒಂದೇ ಆದರೂ ಒಳಗೆ ಹಲವು ಬಗೆ. ಗೆಡ್ಡೆಯ ಜೀವಕೋಶಗಳಲ್ಲಿ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಗ್ರಾಹಕಗಳಿವೆಯೇ, ಹರ್-2 ಪ್ರೋಟೀನ್ ಹೆಚ್ಚಿದೆಯೇ ಎಂದು ಬಯಾಪ್ಸಿಯಲ್ಲಿ ನೋಡುತ್ತಾರೆ. ಅದರ ಜೊತೆಗೆ ಗೆಡ್ಡೆಯ ಗಾತ್ರ, ಹರಡಿರುವ ಮಟ್ಟ ನೋಡಿ ಚಿಕಿತ್ಸೆ ನಿರ್ಧಾರವಾಗುತ್ತದೆ. ಅತ್ತಿಗೆಗೆ ಕೀಮೋ ಬೇಕಾಗಲಿಲ್ಲ ಎಂಬುದು ನಿಜವೇ ಇರಬಹುದು. ಆದರೆ ಅದನ್ನು ನಂಬಿ ನೀವು ಕೀಮೋ ಬಿಟ್ಟರೆ ಜೀವಕ್ಕೇ ಕುತ್ತು.

ಹಾಗೆಯೇ ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ (38 ಸೆಲ್ಸಿಯಸ್) ಮುಟ್ಟಿದರೆ ಗುಂಪಿನಲ್ಲಿ ಸಂದೇಶ ಹಾಕಿ ಉತ್ತರಕ್ಕೆ ಕಾಯಬೇಡಿ. ಬಿಳಿ ರಕ್ತಕಣ ಕಡಿಮೆಯಿರುವಾಗ ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಬರಬಹುದು. ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಇಂಥವರು ಎಲ್ಲಿ ಸಿಗುತ್ತಾರೆ?

ಚಿಕಿತ್ಸೆ ಪಡೆಯುವ ಆಸ್ಪತ್ರೆಯಲ್ಲೇ ನರ್ಸ್ ಅಥವಾ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಕೇಳಿ: ‘ಇದೇ ಆಪರೇಷನ್ ಆದವರ ಜೊತೆ ಮಾತಾಡಿಸುತ್ತೀರಾ?’ ಗುಂಪಿನಲ್ಲಿ ಯಾರಾದರೂ ಪುಡಿ, ಕಷಾಯ ಮಾರಲು ಶುರು ಮಾಡಿದರೆ ಹೊರಬನ್ನಿ.

ನೆಂಟರಿಗೂ ಒಂದು ಮಾತು. ಕ್ಯಾನ್ಸರ್ ಅಂಟುರೋಗವಲ್ಲ. ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡುವ ಅಗತ್ಯವಿಲ್ಲ. ಮುಂದಿನ ಫಾರ್ವರ್ಡ್ ಕಳಿಸುವ ಬದಲು, ‘ಗುರುವಾರ ಕೀಮೋಗೆ ನಾನು ಜೊತೆಗೆ ಬರ್ತೀನಿ’ ಎಂದು ಒಂದು ಸಾಲು ಬರೆದು ಕಳಿಸಿ.